ಬಸಿರಿನಲ್ಲಿ ಏರುವ ರಕ್ತದ ಒತ್ತಡ

(ನಮ್ಮ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ಆರಿಸಿಕೊಂಡ ವಿಷಯ ಹೆಂಗಸರಿಗೆ ಸಂಬಂಧಿಸಿದ್ದು. ಗಂಡಸರೇ ಹೆಚ್ಚಾಗಿ ಕೂಡುವ ಈ ವಾಚನಾಲಯದಲ್ಲಿ ಇದನ್ನೇಕೆ ಎತ್ತಬೇಕೆಂದು ಕೆಲವರಿಗೆ ತೋರಬಹುದು. ಆದರೆ ಹೆಂಡತಿಯನ್ನು ಹೆರಿಗೆಗೆಂದು ಯಾವ ತಿಂಗಳಲ್ಲಿ ಊರಿಗೆ ಕಳುಹಿಸಬೇಕೆಂದು ಗೊತ್ತುಮಾಡುವವರು ಯಾರು? ರೈಲಿಗೆ ಟಿಕೆಟು ತೆಗೆಸುವವರು ಯಾರು? ಆಸ್ಪತ್ರೆಯ ಚೀಟಿಗಳು ಯಾರ ಪೆಟ್ಟಿಗೆಯ ತಳದಲ್ಲಿ ಉಳಿದುಬಿಡುತ್ತವೆ? ಇದಕ್ಕೆಲ್ಲ ಉತ್ತರ ನಾವೇ. ಆದುದರಿಂದ ಗಂಡಸರಾದ ನಾವು ತಾಯಂದಿರಿಗಿಂತ ಮೊದಲು ಕೇಳಬೇಕಾದ ವಿಷಯವಿದು.

ಬಸಿರಿನ ೨೦ ವಾರಗಳು ಕಳೆದ ಮೇಲೆ, ಎಂದರೆ ಸುಮಾರಾಗಿ ಐದನೆಯ ತಿಂಗಳು ದಾಟಿದ ಮೇಲೆ, ಅದುವರೆಗೆ ಆರೋಗ್ಯವಾಗಿದ್ದ ಹೆಂಗಸಿಗೂ ಕೆಲವೊಮ್ಮೆ ರಕ್ತದ ಒತ್ತಡ ಏರತೊಡಗುತ್ತದೆ. ಒತ್ತಡವನ್ನು ಎರಡು ಅಂಕಿಗಳಲ್ಲಿ ಬರೆಯುತ್ತಾರೆಂಬುದು ನಿಮಗೆ ತಿಳಿದೇ ಇದೆ. ಮೇಲಿನ ಅಂಕಿ ೧೪೦ನ್ನಾಗಲಿ ಕೆಳಗಿನ ಅಂಕಿ ೯೦ನ್ನಾಗಲಿ ಮುಟ್ಟಿ, ನಾಲ್ಕಾರು ಗಂಟೆಗಳ ಬಳಿಕ ನೋಡಿದಾಗಲೂ ಹಾಗೆಯೇ ಇದ್ದರೆ, ಒತ್ತಡ ಏರಿದೆಯೆಂದೇ ಅರ್ಥ. ಅದರೊಡನೆ ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಂಡರೆ, ಅಥವಾ ಮೂತ್ರಪಿಂಡ, ಯಕೃತ್ತು, ಮಿದುಳುಗಳಿಗೆ ತೊಂದರೆ ತಗುಲಿದ ಲಕ್ಷಣವಿದ್ದರೆ, ವೈದ್ಯರು ಅದನ್ನು ಪ್ರೀ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಅದು ಮುಂದುವರಿದು ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ನಮ್ಮ ಕಡೆ ಇದಕ್ಕೆ ‘ನಂಜು’ ಎಂಬ ಹೆಸರೂ ಉಂಟು. ಲೋಕದಲ್ಲಿ ನೂರು ಬಸುರಿಯರಲ್ಲಿ ಸುಮಾರು ೨ರಿಂದ ೮ ಮಂದಿಗೆ ಈ ರೋಗ ಬರುತ್ತದೆ. ವರ್ಷವೊಂದಕ್ಕೆ ನಲವತ್ತು ಸಾವಿರಕ್ಕೂ ಹೆಚ್ಚು ತಾಯಂದಿರು ಇದರಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಇವರಲ್ಲಿ ಬಹುಮಂದಿ ಸಾಯಬೇಕಾಗಿರಲಿಲ್ಲ. ಈ ಮಾತಿಗಾಗಿಯೇ ಇಂದಿನ ಭಾಷಣ.

ನಂಜು ಎಂದರೆ ವಿಷ. ಇಂಗ್ಲಿಷ್ ವೈದ್ಯರೂ ಬಹುಕಾಲ ಇದನ್ನು ಟಾಕ್ಸೀಮಿಯಾ ಎಂದೇ ಕರೆದರು. ಅದಕ್ಕೂ ರಕ್ತಕ್ಕೆ ವಿಷವೇರುವುದು ಎಂದೇ ಅರ್ಥ. ಆ ವಿಷ ಯಾವುದೆಂದು ಹುಡುಕಿದವರು ಎಷ್ಟೋ ಮಂದಿ. ಅವರಿಗೆ ಒಂದು ಸಂಗತಿ ಮಾತ್ರ ಸ್ಪಷ್ಟವಾಗಿತ್ತು: ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ರೋಗ ಇಳಿಯತೊಡಗುತ್ತದೆ. ಮಾಸು ಎಂದರೆ ಮಗುವಿನ ಹಿಂದೆ ಬೀಳುವ ಅಂಗ. ಕೆಲವು ಸೀಮೆಗಳಲ್ಲಿ ಇದನ್ನು ಕಸ ಎನ್ನುತ್ತಾರೆ. ಕೆಲವು ಅಪರೂಪದ ಬಸಿರುಗಳಲ್ಲಿ ಮಗುವೇ ಇರುವುದಿಲ್ಲ. ದ್ರಾಕ್ಷಿಯ ಗೊಂಚಲಿನಂತೆ ಮಾಸಿನ ಅಂಶವಷ್ಟೇ ಬೆಳೆದಿರುತ್ತದೆ. ಅಂಥಲ್ಲಿಯೂ ಈ ರೋಗ ಬರುವುದುಂಟು. ಹೀಗಾಗಿ ಮೂಲ ಮಗುವಲ್ಲ, ಮಾಸು ಎಂಬುದು ಗೊತ್ತಾಯಿತು.

ಇನ್ನು ರೋಗನಿರೋಧ ಶಕ್ತಿಯ ಮಾತು. ನಮ್ಮ ರಕ್ತದ ಬಿಳಿಯ ಕಣಗಳು ಮೈಗೆ ಕಾವಲಿನವು. ಅವು ತನ್ನದು ಯಾವುದು, ಪರರದು ಯಾವುದು ಎಂದು ಗುರುತಿಸಿ, ಪರರದನ್ನು ಹೊರಗಟ್ಟುತ್ತವೆ. ಒಬ್ಬರ ಚರ್ಮವನ್ನು ಮತ್ತೊಬ್ಬರಿಗೆ ಹಚ್ಚಿದರೆ ಅದು ಹಿಡಿಯದಿರುವುದು ಈ ಕಾರಣದಿಂದಲೇ. ಹಾಗಾದರೆ ಹೊಟ್ಟೆಯಲ್ಲಿರುವ ಕೂಸು? ಅದರಲ್ಲಿ ಅರ್ಧ ಪಾಲು ತಂದೆಯದು. ತಾಯಿಯ ಮೈ ಅದನ್ನು ಒಂಬತ್ತು ತಿಂಗಳು ಹೇಗೆ ಇಟ್ಟುಕೊಳ್ಳುತ್ತದೆ? ೧೯೫೩ರಲ್ಲಿ ಪೀಟರ್ ಮೆಡವಾರ್ ಎಂಬ ಬ್ರಿಟಿಷ್ ವಿಜ್ಞಾನಿ ಈ ಪ್ರಶ್ನೆಯನ್ನು ವಿದ್ವಾಂಸರ ಮುಂದಿಟ್ಟರು. ೧೯೬೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅಂದಿನಿಂದ ಆ ಪ್ರಶ್ನೆಯ ಬೆನ್ನುಹತ್ತಿದವರು ಕಂಡುಕೊಂಡುದನ್ನು ಸುಲಭವಾಗಿ ಹೇಳುವುದಾದರೆ ಹೀಗೆ: ಬಸಿರಿನಲ್ಲಿ ತಾಯಿಯ ಕಾವಲು ನಿದ್ದೆಹೋಗುವುದಿಲ್ಲ, ಅದು ಮಾಸಿನೊಡನೆ ಒಂದು ಒಪ್ಪಂದಕ್ಕೆ ಬರುತ್ತದೆ.

ಒಪ್ಪಂದವಾಗುವ ಸ್ಥಳ ಗರ್ಭಕೋಶದ ಗೋಡೆ. ಅಲ್ಲಿ ಸುರುಳಿ ಸುರುಳಿಯಾದ ಕಿರಿದಾದ ರಕ್ತನಾಳಗಳಿವೆ. ಬೆಳೆಯುವ ಮಗುವಿಗೆ ಅಷ್ಟು ರಕ್ತ ಸಾಲದು. ಆದುದರಿಂದ ಮಾಸಿನ ಕಣಗಳು ಆ ನಾಳಗಳೊಳಕ್ಕೆ ಹೊಕ್ಕು ಅವನ್ನು ಅಗಲಮಾಡುತ್ತವೆ. ಸಣ್ಣ ಕೊಳವೆ ಕಾಲುವೆಯಾಗುತ್ತದೆ. ಈ ಕೆಲಸಕ್ಕೆ ಗರ್ಭಕೋಶದಲ್ಲಿರುವ ತಾಯಿಯ ಕಾವಲುಕಣಗಳೇ ನೆರವಾಗುತ್ತವೆ. ಒಪ್ಪಂದ ಸರಿಯಾಗಿ ಕುದುರದೆ ಹೋದರೆ ನಾಳಗಳು ಕಿರಿದಾಗಿಯೇ ಉಳಿಯುತ್ತವೆ. ಮಾಸಿಗೆ ರಕ್ತದ ಬರ ಬರುತ್ತದೆ. ಬರಗೆಟ್ಟ ಮಾಸು ತನ್ನಲ್ಲಿಯ ಹಲವು ವಸ್ತುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ಮೈಯೆಲ್ಲ ಹರಿದು ರಕ್ತನಾಳಗಳ ಒಳಪದರವನ್ನು ಕೆರಳಿಸುತ್ತವೆ. ನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ, ಮೂತ್ರಪಿಂಡದಲ್ಲಿ ಪ್ರೋಟೀನು ಸೋರುತ್ತದೆ. ನಾಟಿ ಹಾಕಿದಾಗ ಬೇರು ಹಿಡಿಯದ ಸಸಿಯ ಕೊರತೆ ತೆನೆ ಬರುವಾಗ ಕಾಣುವಂತೆ, ಬಸಿರಿನ ಮೊದಲಲ್ಲಾದ ಕೊರತೆ ಕೊನೆಯ ತಿಂಗಳುಗಳಲ್ಲಿ ಮೇಲಕ್ಕೆ ಬರುತ್ತದೆ.

ಚೊಚ್ಚಲ ಬಸಿರಿನಲ್ಲಿಯೇ ಈ ರೋಗ ಹೆಚ್ಚು ಎಂಬುದಕ್ಕೂ ಕಾವಲಿಗೂ ನಂಟಿದೆಯೆಂದು ವಿದ್ವಾಂಸರು ಎಣಿಸುತ್ತಾರೆ. ತಂದೆಯ ಪಾಲನ್ನು ತಾಯಿಯ ಮೈ ಮೊದಲ ಸಲ ಎದುರುಗೊಳ್ಳುವುದು ಆಗಲೇ ಅಲ್ಲವೆ? ಗ್ವಾಡಲೂಪ್ ದ್ವೀಪದಲ್ಲಿ ನಡೆಸಿ ೧೯೯೪ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಸಿರಿಗೆ ಮುನ್ನ ಗಂಡುಹೆಣ್ಣು ಕೂಡಿ ಬಾಳಿದ ಕಾಲ ಹೆಚ್ಚಾದಷ್ಟೂ ಈ ರೋಗ ಕಡಮೆಯಾಗಿ ಕಂಡಿತು. ಇದನ್ನು ಕೇಳಿ ಯಾರೂ ಯಾರನ್ನೂ ದೂರಬೇಕಾಗಿಲ್ಲ. ಬಸುರಿಯ ಸಿಟ್ಟು, ಗ್ರಹಣದ ನೆರಳು, ನೆರೆಮನೆಯವರ ದೃಷ್ಟಿ, ಸೊಸೆ ತಂದ ದುರದೃಷ್ಟ ಇವೊಂದೂ ಕಾರಣವಲ್ಲ ಎಂಬುದಷ್ಟನ್ನು ಇದರಿಂದ ತಿಳಿದರೆ ಸಾಕು. ಒತ್ತಡ ಏರಿದ ಹೆಂಗಸಿಗೆ ಬೈಗುಳ ಬೇಡ, ವೈದ್ಯರು ಬೇಕು.

ಈಗ ರಕ್ತದಲ್ಲಿ ಕಾಣುವ ಗುರುತುಗಳ ವಿಷಯ. ಕಾವಲುಕಣಗಳು ಒಂದಕ್ಕೊಂದು ಸುದ್ದಿ ಕಳುಹಿಸಲು ಕೆಲವು ವಸ್ತುಗಳನ್ನು ರಕ್ತಕ್ಕೆ ಬಿಡುತ್ತವೆ. ಅವಕ್ಕೆ ಸೈಟೋಕೈನುಗಳೆಂದು ಹೆಸರು. ಕೆಲವು ಕೆರಳಿಸುವ ಸುದ್ದಿಯವು, ಕೆಲವು ಸಮಾಧಾನಪಡಿಸುವವು. ಪ್ರೀ-ಎಕ್ಲಾಂಪ್ಸಿಯಾ ಆದವರ ರಕ್ತದಲ್ಲಿ ಇಂಟರ್‌ಲ್ಯೂಕಿನ್-೬, ಟಿ.ಎನ್.ಎಫ್. ಮೊದಲಾದ ಕೆರಳಿಸುವ ವಸ್ತುಗಳು ಸರಾಸರಿಯಲ್ಲಿ ಹೆಚ್ಚಾಗಿಯೂ, ಸಮಾಧಾನಪಡಿಸುವ ಕಣಗಳು ಕಡಮೆಯಾಗಿಯೂ ಕಂಡುಬಂದಿವೆ. ಆಕ್ಸ್‌ಫರ್ಡಿನ ರೆಡ್‌ಮನ್ ಮತ್ತು ಅವರ ಸಂಗಡಿಗರು ೧೯೯೯ರಲ್ಲಿ ಒಂದು ಮುಖ್ಯವಾದ ವಿಚಾರವನ್ನು ಮಂಡಿಸಿದರು. ಸಹಜವಾದ ಬಸಿರಿನಲ್ಲಿಯೂ ತಾಯಿಯ ಕಾವಲು ಒಂದು ಮಟ್ಟಕ್ಕೆ ಕೆರಳಿಯೇ ಇರುತ್ತದೆ. ಆ ಕೆರಳಿಕೆ ಮಿತಿಮೀರಿದುದೇ ಈ ರೋಗ ಎಂದು ಅವರು ಹೇಳಿದರು. ಅದೇ ವರ್ಷ ಬರ್ಲಿನ್ನಿನ ವಿಜ್ಞಾನಿಗಳು, ರಕ್ತನಾಳಗಳನ್ನು ಬಿಗಿಯುವ ಗುಂಡಿಯನ್ನೇ ಒತ್ತುವಂಥ ಪ್ರತಿಕಾಯವೊಂದನ್ನು ಈ ರೋಗಿಗಳ ರಕ್ತದಲ್ಲಿ ಕಂಡರು.

ಹಾಗಾದರೆ ಈ ಗುರುತುಗಳನ್ನು ಅಳೆದು ರೋಗ ಹೇಳಬಾರದೆ? ಇಲ್ಲಿಯೇ ನಾವು ಎಚ್ಚರವಾಗಿರಬೇಕು. ಕೆರಳಿಕೆಯ ಗುರುತುಗಳು ನೆಗಡಿಯಲ್ಲಿ ಏರುತ್ತವೆ, ಹಲ್ಲಿನ ಕೀವಿಗೆ ಏರುತ್ತವೆ, ಮೈ ಬೊಜ್ಜಿದ್ದರೂ ಏರುತ್ತವೆ. ಆರೋಗ್ಯವಾದ ಬಸುರಿಯಲ್ಲಿಯೂ ಬಿಳಿಯ ಕಣಗಳ ಲೆಕ್ಕ ಹೆಚ್ಚುತ್ತದೆ. ನೂರು ಜನರ ಗುಂಪಿಗೂ ಮತ್ತೊಂದು ನೂರು ಜನರ ಗುಂಪಿಗೂ ಸರಾಸರಿಯಲ್ಲಿ ವ್ಯತ್ಯಾಸ ತೋರುವುದು ಒಂದು ಮಾತು. ನಿಮ್ಮ ಮನೆಯ ಒಬ್ಬಳೇ ಒಬ್ಬಳು ಹೆಣ್ಣುಮಗಳ ಮುಂದಿನ ತಿಂಗಳ ಗತಿ ಹೇಳುವುದು ಬೇರೆ ಮಾತು. ಆದುದರಿಂದ ಇಂಥ ಪರೀಕ್ಷೆಗಳಿಂದ ಈ ರೋಗವನ್ನು ನಿರ್ಧರಿಸುವ ಪದ್ಧತಿ ಇಲ್ಲ. ಸಾಲ ಮಾಡಿ ಅವನ್ನು ಮಾಡಿಸಲು ಯಾರೂ ಓಡಬಾರದು.

ಬೇರೊಂದು ಜಾತಿಯ ಗುರುತು ಇದಕ್ಕಿಂತ ಉಪಯುಕ್ತವಾಗಿದೆ. ಮದರಾಸಿನಲ್ಲಿ ವೈದ್ಯವಿದ್ಯೆ ಕಲಿತು ಅಮೆರಿಕೆಯ ಬಾಸ್ಟನ್ನಿನಲ್ಲಿ ಸಂಶೋಧನೆ ನಡೆಸಿದ ಡಾ. ಅನಂತ್ ಕರುಮಂಚಿಯವರೂ ಅವರ ಜೊತೆಗಾರರೂ ೨೦೦೩ರಲ್ಲಿ, ಬರಗೆಟ್ಟ ಮಾಸು ಬಿಡುವ ವಸ್ತುಗಳಲ್ಲಿ ಒಂದನ್ನು ಗುರುತಿಸಿದರು. ಅದರ ಹೆಸರು ಎಸ್-ಎಫ್‌ಎಲ್‌ಟಿ-೧. ರಕ್ತನಾಳಗಳನ್ನು ಆರೋಗ್ಯವಾಗಿಡುವ ವಸ್ತುಗಳನ್ನು ಇದು ಹಿಡಿದು ಕಟ್ಟಿಹಾಕುತ್ತದೆ. ಇದನ್ನು ಇಲಿಗಳಿಗೆ ಕೊಟ್ಟಾಗ ಅವಕ್ಕೂ ಒತ್ತಡ ಏರಿ ಮೂತ್ರದಲ್ಲಿ ಪ್ರೋಟೀನು ಸೋರಿತು. ನಂಜು ಎಂದ ನಮ್ಮ ಹಿರಿಯರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ ಎನ್ನಬೇಕು. ಈ ವಸ್ತುವಿಗೂ ಪಿಎಲ್‌ಜಿಎಫ್ ಎಂಬ ಒಳ್ಳೆಯ ವಸ್ತುವಿಗೂ ಇರುವ ಪ್ರಮಾಣವನ್ನು ಅಳೆಯುವ ರಕ್ತಪರೀಕ್ಷೆ ಈಗ ಬಂದಿದೆ. ಸಂಶಯವಿರುವ ಬಸುರಿಯಲ್ಲಿ ಈ ಪ್ರಮಾಣ ೩೮ ಅಥವಾ ಅದಕ್ಕಿಂತ ಕೆಳಗಿದ್ದರೆ ಮುಂದಿನ ಒಂದು ವಾರ ರೋಗ ಬಾರದೆಂದು ಬಹುಮಟ್ಟಿಗೆ ನಂಬಬಹುದೆಂದು ೨೦೧೬ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ೨೦೨೩ರಲ್ಲಿ ಅಮೆರಿಕೆಯ ಸರಕಾರ ಇಂಥ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಆದರೆ ಗಮನಿಸಿ: ಅದು ಧೈರ್ಯ ಹೇಳುವುದು ಒಂದು ವಾರಕ್ಕೆ ಮಾತ್ರ. ಅದನ್ನು ಮಾಡಿಸುವುದೂ ವೈದ್ಯರು ಸಂಶಯಪಟ್ಟ ಮೇಲೆಯೇ. ಆ ಸಂಶಯ ಹುಟ್ಟುವುದೆಲ್ಲಿಂದ? ತೋಳಿಗೆ ಕಟ್ಟುವ ಪಟ್ಟಿಯಿಂದ, ಮೂತ್ರದಲ್ಲಿ ಅದ್ದುವ ಕಡ್ಡಿಯಿಂದ. ಹಳ್ಳಿಯ ಉಪಕೇಂದ್ರದಲ್ಲಿಯೂ ಆಗುವ ಈ ಎರಡು ಪರೀಕ್ಷೆಗಳೇ ಇಂದಿಗೂ ತಾಯಿಯ ಪ್ರಾಣಕ್ಕೆ ಆಧಾರ.

ಬಂಧುಗಳೆ, ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮಲ್ಲಿ ಹಲವರ ಮನೆಯ ಪದ್ಧತಿ. ಐದರಲ್ಲೋ ಏಳರಲ್ಲೋ ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ಮುಂಬಯಿಯಿಂದ ಮತ್ಸ್ಯಗಂಧಾ ಗಾಡಿಗೋ ಉದ್ಯಾನ ಎಕ್ಸ್‌ಪ್ರೆಸ್ಸಿಗೋ ಹತ್ತಿಸುತ್ತೇವೆ. ಪದ್ಧತಿ ಕೆಟ್ಟುದೆಂದು ನಾವು ಹೇಳುವುದಿಲ್ಲ. ಹತ್ತಡಿಯ ಖೋಲಿಯಲ್ಲಿ ಒಬ್ಬಳೇ ಇರುವುದಕ್ಕಿಂತ ತಾಯಿಯ ಬಳಿ ಇರುವುದು ಎಷ್ಟೋ ಮೇಲು. ಆದರೆ ಲೆಕ್ಕ ಹಾಕಿ ನೋಡಿ. ಈ ರೋಗ ಹೆಚ್ಚಾಗಿ ಬರುವುದು ಚೊಚ್ಚಲು ಬಸುರಿಗೆ; ಬರುವ ಕಾಲ ಕೊನೆಯ ಮೂರು ತಿಂಗಳು. ನಾವು ಹೆಂಡತಿಯನ್ನು ಒಬ್ಬ ವೈದ್ಯರ ಕೈಯಿಂದ ಬಿಡಿಸಿ ಇನ್ನೊಬ್ಬರ ಕೈಗೆ ಒಪ್ಪಿಸುವುದೂ ಅದೇ ಚೊಚ್ಚಲಿನಲ್ಲಿ, ಅದೇ ತಿಂಗಳುಗಳಲ್ಲಿ. ಇಲ್ಲಿಯ ಡಾಕ್ಟರು ಊರಿಗೆ ಹೋದಳೆಂದು ಬಿಟ್ಟರು. ಅಲ್ಲಿ ನೆಂಟರಿಷ್ಟರ ಸಡಗರ ಮುಗಿದು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮೂರು ವಾರ, ಒಂದು ತಿಂಗಳು. ಆ ನಡುವೆ ಕಾಲು ಊದಿದರೆ ರೈಲಿನಲ್ಲಿ ಕುಳಿತುದಕ್ಕೆ ಎಂದರು. ತಲೆ ಸಿಡಿದರೆ ಬಿಸಿಲಿಗೆ ಎಂದರು. ಎದೆಗುಂಡಿಗೆಯ ಕೆಳಗೆ ನೋವೆಂದರೆ ಪಿತ್ತವೆಂದು ಜೀರಿಗೆ ಕಷಾಯ ಕೊಟ್ಟರು. ಎಲ್ಲವೂ ಪ್ರೀತಿಯಿಂದಲೇ ಆದವು. ಒತ್ತಡವನ್ನು ಮಾತ್ರ ಯಾರೂ ನೋಡಲಿಲ್ಲ.

ಈ ಸಂದಿನಲ್ಲಿಯೇ ಜೀವ ಹೋಗುವುದು. ಇದನ್ನು ಮುಚ್ಚುವುದು ನಮ್ಮ ಕೈಯಲ್ಲಿದೆ.

ಮೊದಲನೆಯದು, ಬಸಿರು ಗೊತ್ತಾದ ಕೂಡಲೆ ಹೆಸರು ಬರೆಸಿ ಒತ್ತಡ ನೋಡಿಸಿರಿ. ಮೂರನೆಯ ತಿಂಗಳಲ್ಲಿ ೧೦೦/೬೦ ಇದ್ದವಳಿಗೆ ಏಳರಲ್ಲಿ ೧೩೬/೮೬ ಆದರೆ, ಅಂಕಿ ಇನ್ನೂ ೧೪೦ಕ್ಕೆ ಮುಟ್ಟದಿದ್ದರೂ, ಬಲ್ಲ ವೈದ್ಯರು ಎಚ್ಚರಗೊಳ್ಳುತ್ತಾರೆ. ಮೊದಲಿನ ಅಂಕಿ ಇಲ್ಲದಿದ್ದರೆ ಈ ಏರಿಕೆ ಯಾರ ಕಣ್ಣಿಗೂ ಬೀಳದು. ಹಿಂದಿನ ಬಸಿರಿನಲ್ಲಿ ಈ ರೋಗವಾಗಿದ್ದವರು, ಮೊದಲೇ ಒತ್ತಡ, ಸಕ್ಕರೆಕಾಯಿಲೆ, ಮೂತ್ರಪಿಂಡದ ರೋಗ ಇದ್ದವರು, ಅವಳಿ ಮಕ್ಕಳನ್ನು ಹೊತ್ತವರು, ತಾಯಿಗೋ ಅಕ್ಕತಂಗಿಯರಿಗೋ ಆಗಿದ್ದವರು ಇದನ್ನು ಮೊದಲ ಭೇಟಿಯಲ್ಲಿಯೇ ಹೇಳಬೇಕು. ಅಪಾಯ ಹೆಚ್ಚಿದ್ದವರಿಗೆ ನಾಲ್ಕನೆಯ ತಿಂಗಳು ತುಂಬುವುದರೊಳಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಪ್ರಾರಂಭಿಸುವುದುಂಟು. ರೋಗ ಅವಧಿಗೆ ಮುಂಚೆ ಬರುವುದನ್ನು ಅದು ಬಹಳ ಮಟ್ಟಿಗೆ ತಡೆಯುತ್ತದೆಂದು ೨೦೧೭ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಅದನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ಅಂಗಡಿಯಿಂದ ತಾನಾಗಿ ತಂದು ನುಂಗುವ ಗುಳಿಗೆ ಅದಲ್ಲ.

ಎರಡನೆಯದು, ಗಾಡಿ ಹತ್ತುವ ವಾರದಲ್ಲಿ ಇಲ್ಲಿ ಒಮ್ಮೆ, ಊರು ಮುಟ್ಟಿದ ಮೂರು ದಿನಗಳೊಳಗೆ ಅಲ್ಲಿ ಒಮ್ಮೆ ಒತ್ತಡವನ್ನೂ ಮೂತ್ರವನ್ನೂ ನೋಡಿಸಿರಿ. ಸೀಮಂತದ ದಿನ ಗೊತ್ತುಮಾಡುವಾಗಲೇ ಈ ಎರಡು ದಿನಗಳನ್ನೂ ಗೊತ್ತುಮಾಡಿರಿ. ೨೦೧೬ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ ೯ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರು ಬಿಟ್ಟಿಯಾಗಿ ನೋಡುತ್ತಾರೆ. ಕೊಡಲು ದುಡ್ಡಿಲ್ಲವೆಂದು ತಡಮಾಡಬೇಕಾದ ಕಾರಣವಿಲ್ಲ. ನೋಡುವಾಗ ಐದು ನಿಮಿಷ ಸುಮ್ಮನೆ ಕೂಡಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ನೋಡಬೇಕು. ಬಸ್ಸಿಳಿದು ಓಡಿಬಂದ ಕೂಡಲೆ ನೋಡಿದ ಅಂಕಿ ನಂಬಿಕೆಗೆ ತಕ್ಕುದಲ್ಲ.

ಮೂರನೆಯದು ಕಾಗದ. ಇಲ್ಲಿಯ ಕಾರ್ಡು ಮರಾಠಿಯಲ್ಲಿರಬಹುದು, ಊರಿನ ದಾದಿಗೆ ಅದು ಬಾರದಿರಬಹುದು. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ: ತಾರೀಖು, ಎಷ್ಟನೆಯ ವಾರ, ಒತ್ತಡ, ಮೂತ್ರದ ಪ್ರೋಟೀನು, ತೂಕ, ಕೊಟ್ಟ ಔಷಧ. ಮೂಲ ಕಾರ್ಡು ಹೆಂಡತಿಯ ಕೈಚೀಲದಲ್ಲಿ ಹೋಗಲಿ, ಅದರ ಪಟ ನಿಮ್ಮ ಮೊಬೈಲಿನಲ್ಲಿ ಉಳಿಯಲಿ. ಬರೆಯಲು ಬಾರದ ಬಂಧುಗಳಿಗೆ ಸಂಕೋಚ ಬೇಡ. ಅರ್ಜಿ ಬರೆದುಕೊಟ್ಟಂತೆಯೇ ಈ ಹಾಳೆಯನ್ನೂ ಬರೆದುಕೊಡಲು ನಾವು ಕೆಲವರು ಭಾನುವಾರ ಸಂಜೆ ಇದೇ ಮೇಜಿನ ಬಳಿ ಇರುತ್ತೇವೆ. ಒಳಗಿನದನ್ನು ಮತ್ತೊಬ್ಬರಿಗೆ ಹೇಳುವುದಿಲ್ಲ.

ನಾಲ್ಕನೆಯದು, ಫೋನಿನಲ್ಲಿ ಊಟವಾಯಿತೆ ಎಂದು ಕೇಳುವುದರ ಜೊತೆಗೆ ಇವನ್ನೂ ಕೇಳಿರಿ: ತಲೆನೋವು ಬಿಡದೆ ಕಾಡುತ್ತಿದೆಯೆ? ಕಣ್ಣು ಮಂಜಾಗುವುದು, ಮಿಂಚು ಹೊಡೆದಂತಾಗುವುದು ಉಂಟೆ? ಬಲಗಡೆಯ ಪಕ್ಕೆಲುಬಿನ ಕೆಳಗೆ ನೋವಿದೆಯೆ? ಮುಖ, ಕೈ ತಟ್ಟನೆ ಊದಿವೆಯೆ? ಉಸಿರು ಕಟ್ಟುತ್ತದೆಯೆ? ಮಗು ಮೊದಲಿನಂತೆ ಆಡುತ್ತಿದೆಯೆ? ಈ ವಾರ ಒತ್ತಡ ಎಷ್ಟು? ಇವುಗಳಲ್ಲಿ ಒಂದು ತಪ್ಪಿದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೇಲಿನ ಅಂಕಿ ೧೬೦ ಅಥವಾ ಕೆಳಗಿನದು ೧೧೦ ಆದರೆ ಯಾವ ನೋವೂ ಇಲ್ಲದಿದ್ದರೂ ಗಳಿಗೆಯೂ ತಡೆಯದೆ ಹೋಗಬೇಕು. ಉಪ್ಪು ಬಿಡಿಸುವುದರಿಂದಾಗಲಿ, ನೀರು ಕಡಮೆ ಕುಡಿಸುವುದರಿಂದಾಗಲಿ, ಮಂಚ ಬಿಟ್ಟೇಳದಂತೆ ಮಲಗಿಸುವುದರಿಂದಾಗಲಿ ಈ ರೋಗ ಹೋಗುವುದಿಲ್ಲ.

ಆಸ್ಪತ್ರೆಯಲ್ಲಿ ಒತ್ತಡ ಇಳಿಸಲು ಬಸುರಿಯರಿಗೆ ತಕ್ಕ ಔಷಧಗಳಿವೆ. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಲವಣದ ಇಂಜೆಕ್ಷನ್ ಇದೆ. ೩೩ ದೇಶಗಳಲ್ಲಿ ಸುಮಾರು ಹತ್ತು ಸಾವಿರ ಹೆಂಗಸರಲ್ಲಿ ನಡೆಸಿ ೨೦೦೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದು ಫಿಟ್ಸಿನ ಅಪಾಯವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು. ಕೆಲವೊಮ್ಮೆ ದಿನ ತುಂಬುವ ಮುನ್ನವೇ ಹೆರಿಗೆ ಮಾಡಿಸಬೇಕೆಂದು ವೈದ್ಯರು ಹೇಳಬಹುದು. ಮಾಸು ಹೊರಬಂದಲ್ಲದೆ ರೋಗದ ಮೂಲ ಹೋಗದಾದುದರಿಂದ ಹೀಗೆ ಹೇಳುತ್ತಾರೆ. ಹಣಕ್ಕಾಗಿ ಹೇಳಿದರೆಂದು ಹಟ ಹಿಡಿದು ಮನೆಗೆ ಕರೆದೊಯ್ಯಬಾರದು. ನಿರ್ಧಾರಕ್ಕೆ ಮುಂಬಯಿಯಿಂದ ಗಂಡ ಬರಲೆಂದು ಕಾಯುವುದೂ ಬೇಡ. ‘ಡಾಕ್ಟರು ಹೇಳಿದಂತೆ ಮಾಡಿ, ನಮ್ಮನ್ನು ಕಾಯಬೇಡಿ’ ಎಂದು ಅತ್ತೆಮಾವಂದಿರಿಗೆ ಮೊದಲೇ ಹೇಳಿಡಿರಿ.

ಮನೆಯಲ್ಲಿಯೇ ಫಿಟ್ಸ್ ಬಂದರೆ ಗಾಳಿ ತಾಗಿತೆಂದು ಮಂತ್ರಿಸುವವರನ್ನು ಕರೆಯಬೇಡಿ. ಎಡಮಗ್ಗುಲಿಗೆ ಹೊರಳಿಸಿ ಮಲಗಿಸಿರಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ೧೦೮ಕ್ಕೆ ಫೋನು ಮಾಡಿರಿ.

ಕೊನೆಯದಾಗಿ, ಹೆರಿಗೆಯಾಯಿತು, ಗಂಡಾಂತರ ಕಳೆಯಿತು ಎಂದು ಪೇಡೆ ಹಂಚಿ ಮರೆಯಬಾರದು. ಹೆತ್ತ ಮೂರರಿಂದ ಆರನೆಯ ದಿನದವರೆಗೆ ಒತ್ತಡ ಮತ್ತೆ ಏರುವುದುಂಟು. ಬಾಣಂತಿಗೂ ಫಿಟ್ಸ್ ಬರಬಹುದು. ಬಾಣಂತಿಕೋಣೆಯ ಬಾಗಿಲು ಮುಚ್ಚಿದ್ದರೂ ಒತ್ತಡ ನೋಡುವ ದಾದಿಗೆ ಅದು ತೆರೆದಿರಲಿ. ಈ ರೋಗ ಒಮ್ಮೆ ಆದ ಹೆಂಗಸಿಗೆ ಮುಂದೆ ನಡುವಯಸ್ಸಿನಲ್ಲಿ ರಕ್ತದೊತ್ತಡವೂ ಹೃದಯದ ತೊಂದರೆಯೂ ಬರುವ ಸಂಭವ ಇತರರಿಗಿಂತ ಹೆಚ್ಚು. ಆಕೆ ವರ್ಷಕ್ಕೊಮ್ಮೆಯಾದರೂ ಒತ್ತಡ ನೋಡಿಸಿಕೊಳ್ಳಬೇಕು. ಮಕ್ಕಳ ಜ್ವರಕ್ಕೆ, ಗಂಡನ ಕೆಮ್ಮಿಗೆ ಓಡುವ ನಮ್ಮ ಹೆಂಗಸರು ತಮಗಾಗಿ ಓಡುವುದು ಅಪರೂಪ. ಕರೆದೊಯ್ಯುವುದು ನಮ್ಮ ಕೆಲಸ.

ಮುಂದಿನ ತಿಂಗಳು ಊರಿಗೆ ಕಳುಹಿಸುವವರು ಈ ಸಭೆಯಲ್ಲಿಯೇ ಇರಬಹುದು. ಹಾಳೆ ಬರೆಸಿಕೊಳ್ಳುವವರು ಕಾರ್ಡು ಹಿಡಿದು ಮುಂದಿನ ಭಾನುವಾರ ಐದು ಗಂಟೆಗೆ ಬರಬೇಕೆಂದು ಕೋರುತ್ತೇವೆ.